ಬಾನೆಟ್ ಕೆಳಗಿನ ಬೆಂಕಿ: ಸುಟ್ಟ ಹಳೇ ಸ್ಪೋರ್ಟ್ಸ್ ಕಾರನ್ನು ಮತ್ತೆ ರಸ್ತೆಗೆ ತರುವುದು

“ಗಾಡಿ ಸುಟ್ಟ್ ಹೋಯ್ತು ನೋಡೋ ತಮ್ಮಾ.”

ಕಾಕಾ ಫೋನಿನಲ್ಲಿ ಹೇಳಿದ್ದು ಇಷ್ಟೇ. ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಕಲಬುರಗಿಯಿಂದ ಹುಮನಾಬಾದ್ ಕಡೆ ಹೊರಟವರು ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಗೊಳ್ಳಲು ನಿಲ್ಲಿಸಿದ್ದರಂತೆ. ಹಣ್ಣು ಇಟ್ಟು ಸೆಲ್ಫ್ ಹೊಡೆದರೆ ಇಂಜಿನ್ ಏಳಲೊಲ್ಲದು. ಸ್ಟಾರ್ಟರ್ ಮೋಟಾರು ನಿದ್ದೆಗಣ್ಣಲ್ಲಿ ತಿರುಗಿದ ಹಾಗೆ ತಿರುಗುತ್ತಿತ್ತು. ನಾಲ್ಕೈದು ಸಲ ಉದ್ದುದ್ದ ಹೊಡೆದರು. ಬಾನೆಟ್ ಸಂದಿಯಿಂದ ಮೊದಲು ಹೊಗೆ, ಆಮೇಲೆ ಉರಿ.

ಪುಣ್ಯಕ್ಕೆ ಹಿಂದೆಯೇ ನಿಂತಿದ್ದ ಲಾರಿ ಡ್ರೈವರ್ ಹತ್ತಿರ ಬೆಂಕಿ ಆರಿಸುವ ಸಿಲಿಂಡರ್ ಇತ್ತು. ಆತ ಬಲ್ಲವನು. ಬಾನೆಟ್ ಪೂರ್ತಿ ಎತ್ತಲಿಲ್ಲ. ಲಾಕ್ ಬಿಡಿಸಿ, ನಾಲ್ಕು ಬೆರಳು ಸಂದಿ ಮಾಡಿ, ಅದರೊಳಗೆ ಪುಡಿ ಹೊಡೆದ. ಬಾನೆಟ್ ಪೂರ್ತಿ ಎತ್ತಿದ್ದರೆ ಗಾಳಿ ನುಗ್ಗಿ ಉರಿ ಮುಖಕ್ಕೇ ಬರುತ್ತಿತ್ತು. ಪೆಟ್ರೋಲ್ ಬೆಂಕಿಗೆ ನೀರು ಹಾಕುವುದೂ ತಪ್ಪು. ಪೆಟ್ರೋಲ್ ನೀರಿನ ಮೇಲೆ ತೇಲಿ ಇನ್ನಷ್ಟು ದೂರ ಹರಡುತ್ತದೆ.

ಕಾರು ಯಾವುದು ಅಂತ ಹೇಳಬೇಕು. ಸ್ಯಾನ್ ಸ್ಟಾರ್ಮ್. ಎರಡೇ ಸೀಟು, ಕೆಳಗೆ ಉಕ್ಕಿನ ಚಾಸಿ, ಮೇಲೆ ಫೈಬರ್ ಬಾಡಿ. ತೊಂಬತ್ತರ ದಶಕದ ಕೊನೆಗೆ ಗೋವಾದಲ್ಲಿ ತಯಾರಾದ ನಮ್ಮ ದೇಶದ್ದೇ ಸ್ಪೋರ್ಟ್ಸ್ ಕಾರು. ಇಂಜಿನ್ ಮಾತ್ರ ರೆನೋದ್ದು, 1149 ಸಿಸಿ, ಸುಮಾರು 60 ಎಚ್‌ಪಿ. ಈಗಿನ ಲೆಕ್ಕದಲ್ಲಿ 60 ಎಚ್‌ಪಿ ಏನೂ ಅಲ್ಲ ಅನ್ನಿಸಬಹುದು. ಆದರೆ ನೆಲಕ್ಕೆ ತಾಗುವ ಹಾಗೆ ಕೂತು ಜೇವರ್ಗಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದವರು ಹಾಗೆ ಅನ್ನಲ್ಲ. ಬಹಳ ಕಡಿಮೆ ಸಂಖ್ಯೆಯಲ್ಲಿ ಬಂದ ಗಾಡಿ. ಸುಟ್ಟರೆ ಇನ್ನೊಂದು ಹುಡುಕುವುದು ಕಷ್ಟ.

ನಾನು ವೈರಿಂಗ್, ಮೋಟಾರ್ ವೈಂಡಿಂಗ್ ಮಾಡುವವನು. ಇಂಜಿನ್ ಕೆಲಸ ನಮ್ಮ ಮಿಸ್ತ್ರಿಯದು. ಗಾಡಿಯನ್ನು ಟ್ರಕ್ ಮೇಲೆ ಹಾಕಿ ಕಪನೂರು ಕಡೆಯ ಶೆಡ್ಡಿಗೆ ತಂದೆವು. ಮಿಸ್ತ್ರಿ ಒಂದು ಸುತ್ತು ನೋಡಿ, “ಏನ್ ಆಗಿಲ್ಲ ಬಿಡ್ರಿ, ಪೈಪ್ ಹಾಕಿ ಒಂದ್ ಸೆಲ್ಫ್ ಹೊಡ್ದು ನೋಡೂಣು” ಅಂದ. ನಾನು ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡೆ.

ಸುಟ್ಟ ಗಾಡಿಗೆ ಜಾಸ್ತಿ ಹಾನಿ ಆಗುವುದು ಎಷ್ಟೋ ಸಲ ಬೆಂಕಿ ಆರಿದ ಮೇಲೆ. ಕಾರಣ ಆ ಪುಡಿ. ಬೆಂಕಿ ಆರಿಸುವ ಎಬಿಸಿ ಸಿಲಿಂಡರಿನ ಪುಡಿ ಮೋನೋ ಅಮೋನಿಯಂ ಫಾಸ್ಫೇಟ್. ಗೊಬ್ಬರದ ಅಂಗಡಿಯಲ್ಲೂ ಸಿಗುವ ಪದಾರ್ಥ. ಒಣಗಿದ್ದಾಗ ಸುಮ್ನೆ ಬಿದ್ದಿರುತ್ತದೆ. ತೇವ ತಾಗಿತೋ, ಹುಳಿಯಾಗಿ ಅಲ್ಯೂಮಿನಿಯಂ, ತಾಮ್ರ, ಕನೆಕ್ಟರ್ ಪಿನ್ನು ಎಲ್ಲ ತಿನ್ನಲು ಶುರು ಮಾಡುತ್ತದೆ. ಬಿಸಿ ಲೋಹದ ಮೇಲೆ ಬಿದ್ದದ್ದು ಕರಗಿ ಗಾಜಿನ ಹಾಗೆ ಅಂಟಿಕೊಂಡಿರುತ್ತದೆ. ಗಾಳಿ ಎಳೆಯುವ ದಾರಿಯಲ್ಲೂ ಪುಡಿ ಹೊಕ್ಕಿರುತ್ತದೆ. ಆ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ಪುಡಿ ನೇರ ಇಂಜಿನ್ನಿನ ಸಿಲಿಂಡರಿಗೆ ಹೋಗಿ ರಿಂಗು, ಬೋರು ಉಜ್ಜುತ್ತದೆ. ಅದಕ್ಕೇ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಬೇಕು. ಎಲ್ಲ ಕೋನದಿಂದ ಫೋಟೋ ತೆಗೆಯಬೇಕು. ಆಮೇಲೆ ವ್ಯಾಕ್ಯೂಮ್‌ನಿಂದ ಒಣ ಪುಡಿ ಎಳೆದು, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಒರೆಸಿ, ಸಾದಾ ನೀರಿನಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಬೇಕು. ಸೋಡಾ ಯಾಕೆಂದರೆ ಹುಳಿಯನ್ನು ಅದು ಕೊಲ್ಲುತ್ತದೆ.

ಇನ್ನೊಂದು ಎಚ್ಚರಿಕೆ ಗ್ಯಾರೇಜಿನಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಇಂಜಿನ್ನಿನ ಕೆಲವು ಸೀಲು, ಓ-ರಿಂಗುಗಳು ಫ್ಲೋರಿನ್ ಇರುವ ರಬ್ಬರಿನವು. ವಿಟಾನ್ ಅಂತ ಹೆಸರು. ಇವು ಜೋರು ಬೆಂಕಿಗೆ ಸಿಕ್ಕು ಕಪ್ಪಗೆ ಅಂಟಂಟಾಗಿದ್ದರೆ ಬರಿಗೈಯಿಂದ ಮುಟ್ಟಬಾರದು. ಅದರಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುವ ಸಾಧ್ಯತೆ ಇದೆ. ಅದು ಚರ್ಮ ದಾಟಿ ಎಲುಬಿನ ತನಕ ಹೋಗುವ ಆಸಿಡ್. ದಪ್ಪ ರಬ್ಬರ್ ಗ್ಲೌಸ್ ಹಾಕದೆ ಸುಟ್ಟ ಇಂಜಿನ್ನಿಗೆ ಕೈ ಹಾಕುವುದು ಬೇಡ.

ಇನ್ಶೂರೆನ್ಸ್ ಇದ್ದರೆ ಏನೂ ಬಿಚ್ಚುವ ಮೊದಲೇ ಕಂಪನಿಗೆ ತಿಳಿಸಿ, ಸರ್ವೇಯರ್ ಬಂದು ನೋಡಲಿ. ರಿಪೇರಿ ಖರ್ಚು ವಿಮೆಯಲ್ಲಿ ಬರೆದ ಬೆಲೆಯ ಶೇ 75 ದಾಟಿದರೆ ಪೂರ್ತಿ ನಷ್ಟ ಅಂತ ಲೆಕ್ಕ ಹಿಡಿಯುತ್ತಾರೆ. ಹಳೇ ಗಾಡಿಯ ಬೆಲೆ ಮೊದಲೇ ಕಡಿಮೆ ಬರೆದಿರುತ್ತದೆ, ಹಾಗಾಗಿ ಸಣ್ಣ ಬೆಂಕಿಗೂ ಆ ಗೆರೆ ದಾಟಿಬಿಡುತ್ತದೆ. ಕಾಕಾ ಹತ್ತಿರ ಇದ್ದದ್ದು ಬರೀ ಥರ್ಡ್ ಪಾರ್ಟಿ. ಅದರಲ್ಲಿ ನಮ್ಮ ಗಾಡಿ ಸುಟ್ಟರೆ ಒಂದು ರೂಪಾಯಿಯೂ ಬರಲ್ಲ. “ಇಷ್ಟ್ ಹಳೇ ಗಾಡಿಗಿ ಫುಲ್ ಇನ್ಶೂರೆನ್ಸ್ ಯಾಕ ಅಂದಿದ್ದೆ” ಅಂತ ತಲೆ ಕೆರೆದುಕೊಂಡರು.

ಈಗ ಮುಖ್ಯ ವಿಷಯ. ಬೆಂಕಿ ಹೇಗೆ ಹತ್ತಿತು ಅಂತ ತಿಳಿಯುವ ತನಕ ಬ್ಯಾಟರಿಯದ್ದು ಬಿಟ್ಟು ಬೇರೆ ಒಂದು ಬೋಲ್ಟ್ ಕೂಡ ಬಿಚ್ಚಬಾರದು ಅನ್ನುವುದು ನನ್ನ ಹಟ. ಕಾರಣ ಸಿಗದೆ ಹೊಸ ಪೈಪು, ಹೊಸ ವೈರು ಹಾಕಿದರೆ ಅದೇ ಬೆಂಕಿ ಮತ್ತೆ ಬರುತ್ತದೆ. ಶೆಡ್ಡಿಗೆ ಬಂದವರೆಲ್ಲ ಒಂದೊಂದು ಕಾರಣ ಹೇಳಿದರು. ಬಿಸಿಲಿಗೇ ಹತ್ತಿತು ಅಂದರು. ಅದು ಆಗದ ಮಾತು. ನಮ್ಮ 44 ಡಿಗ್ರಿ ಬಿಸಿಲಲ್ಲಿ ಬಾನೆಟ್ ಒಳಗೆ ನೂರರ ಹತ್ತಿರ ಹೋಗಬಹುದು. ಪೆಟ್ರೋಲ್ ಕಿಡಿಯಿಲ್ಲದೆ ತಾನಾಗಿ ಹತ್ತಿಕೊಳ್ಳಲು 250 ಡಿಗ್ರಿಯಾದರೂ ಬೇಕು. ಬಿಸಿಲು ಮಾಡುವುದು ಬೇರೆ ಕೆಲಸ. ಪೆಟ್ರೋಲನ್ನು ಬೇಗ ಆವಿ ಮಾಡುತ್ತದೆ, ರಬ್ಬರನ್ನು ಬೇಗ ಮುದಿ ಮಾಡುತ್ತದೆ.

ಸುಟ್ಟ ಇಂಜಿನ್ ಬೇ ಒಂದು ಥರ್ಮಾಮೀಟರ್ ಇದ್ದಂತೆ. ಯಾವುದು ಕರಗಿದೆ, ಯಾವುದು ಕರಗಿಲ್ಲ ಅಂತ ನೋಡುತ್ತ ಹೋದರೆ ಎಲ್ಲಿ ಎಷ್ಟು ಬಿಸಿ ಆಗಿತ್ತು ಅಂತ ಗೊತ್ತಾಗುತ್ತದೆ. ವೈರಿನ ಪಿವಿಸಿ ನೂರು ಡಿಗ್ರಿ ದಾಟುತ್ತಲೇ ಮೆತ್ತಗಾಗುತ್ತದೆ. ಸಾದಾ ಸೋಲ್ಡರ್ 190 ಡಿಗ್ರಿ ಒಳಗೇ ನೀರಾಗುತ್ತದೆ. ನೈಲಾನ್ ಭಾಗಗಳು 220ರಿಂದ 260ರಲ್ಲಿ. ಸತುವಿನ ಎರಕ 400ರ ಆಸುಪಾಸಿನಲ್ಲಿ. ಬೀದರಿನ ಬಿದರಿ ಕೆಲಸದವರು ಎರಕ ಹೊಯ್ಯುವ ಲೋಹವೂ ಬಹುಪಾಲು ಸತುವೇ, ಅದಕ್ಕೇ ಅವರ ಸಣ್ಣ ಕುಲುಮೆಗೂ ಅದು ಬಗ್ಗುತ್ತದೆ. ಶುದ್ಧ ಅಲ್ಯೂಮಿನಿಯಂ 660ರಲ್ಲಿ, ತಾಮ್ರ 1085ರಲ್ಲಿ. ಪೆಟ್ರೋಲ್ ಬೆಂಕಿಯಲ್ಲಿ ವೈರಿನ ತುದಿಗೆ ತಾಮ್ರದ ಸಣ್ಣ ಮಣಿ ಕಂಡರೆ ಅಲ್ಲಿ ಶಾರ್ಟ್ ಆಗಿರುವ ಅನುಮಾನ ಗಟ್ಟಿ. ಬೆಂಕಿ ಮೇಲಕ್ಕೆ ಹತ್ತುತ್ತದೆ, ಹಾಗಾಗಿ ಶುರುವಾದ ಜಾಗ ಸಾಮಾನ್ಯವಾಗಿ ಕೆಳಗಿರುತ್ತದೆ. ಆದರೆ ಉರಿಯುವ ಪ್ಲಾಸ್ಟಿಕ್ ತೊಟ್ಟಿಕ್ಕಿ ಕೆಳಗೂ ಇನ್ನೊಂದು ಬೆಂಕಿ ಹಚ್ಚಿರಬಹುದು. ಮೋಸ ಹೋಗಬಾರದು.

ನಮ್ಮ ಗಾಡಿಯಲ್ಲಿ ಗುಟ್ಟು ರಟ್ಟು ಮಾಡಿದ್ದು ಆಕ್ಸಿಲರೇಟರ್ ಕೇಬಲ್. ಇಂಜಿನ್ ಕಡೆ ಅದು ಸುಟ್ಟಿದ್ದರಲ್ಲಿ ಆಶ್ಚರ್ಯ ಇಲ್ಲ. ಆದರೆ ಫೈರ್‌ವಾಲ್, ಅಂದರೆ ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆ, ದಾಟಿ ಕಾಲಿನ ಹತ್ತಿರ, ಬೆಂಕಿ ಬಾರದ ಜಾಗದಲ್ಲೂ, ಅದರ ಪ್ಲಾಸ್ಟಿಕ್ ಕವಚ ಕರಗಿತ್ತು. ಕತ್ತರಿಸಿ ನೋಡಿದೆ. ಹೊರಗಿನ ಮೈ ಸರಿಯಿದೆ, ಒಳಗಿನ ಮೈ ಕರಗಿ ತಂತಿಗೆ ಅಂಟಿದೆ. ಅಂದರೆ ಬಿಸಿ ಬಂದದ್ದು ತಂತಿಯಿಂದಲೇ. ಆ ತಂತಿಯಲ್ಲಿ ಕರೆಂಟ್ ಹರಿದಿದೆ.

ಆಕ್ಸಿಲರೇಟರ್ ಕೇಬಲ್‌ನಲ್ಲಿ ಕರೆಂಟ್ ಯಾಕೆ ಹರಿಯಿತು? ಗಾಡಿಯಲ್ಲಿ ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟ್ ಸ್ಟಾರ್ಟರ್ ತಿರುಗಿಸಿ ಮೈನಸ್‌ಗೆ ವಾಪಸ್ ಬರಲೇಬೇಕು. ಸ್ಟಾರ್ಟರ್ ಇಂಜಿನ್ನಿಗೆ ಬೋಲ್ಟ್ ಆಗಿರುತ್ತದೆ. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟ್ ಹೋಗಲ್ಲ. ಅದಕ್ಕೇ ಇಂಜಿನ್ನಿನಿಂದ ಚಾಸಿಗೆ ಒಂದು ದಪ್ಪ ಹೆಣೆದ ತಾಮ್ರದ ಪಟ್ಟಿ ಹಾಕಿರುತ್ತಾರೆ. ಅರ್ಥ್ ಪಟ್ಟಿ. ಬೆಂಕಿಗೆ ನಾಲ್ಕು ದಿನ ಮೊದಲು ಕಾಕಾ ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಕ್ಲಚ್ ಪ್ಲೇಟ್ ಹಾಕಿಸಿದ್ದರು. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು, ಪಟ್ಟಿ ಬಿಚ್ಚಬೇಕು. ಬಿಚ್ಚಿದವರು ಮತ್ತೆ ಹಾಕಿಲ್ಲ. ಗೇರ್‌ಬಾಕ್ಸ್ ಮೇಲೆ ಆ ಬೋಲ್ಟಿನ ತೂತು ಖಾಲಿ ಇತ್ತು.

ಪಟ್ಟಿ ಇಲ್ಲ ಅಂತ ಕರೆಂಟ್ ಸುಮ್ನೆ ಕೂರಲ್ಲ. ಸಿಕ್ಕ ಲೋಹದ ದಾರಿ ಹಿಡಿಯುತ್ತದೆ. ಉಕ್ಕಿನ ಬಾಡಿಯ ಕಾರಿನಲ್ಲಿ ಇಂಜಿನ್ನಿಗೂ ಬಾಡಿಗೂ ಅಲ್ಲಿ ಇಲ್ಲಿ ನಾಲ್ಕು ಕಡೆ ಲೋಹ ತಾಗಿರುತ್ತದೆ. ಫೈಬರ್ ಕಾರಿನಲ್ಲಿ ಆ ದಾರಿಗಳು ಕಡಿಮೆ. ಇದ್ದ ದಾರಿ ಈ ಕೇಬಲ್: ಇಂಜಿನ್ನಿನಿಂದ ಪೆಡಲ್, ಪೆಡಲ್‌ನಿಂದ ಚಾಸಿ.

ಲೆಕ್ಕ ಹಾಕಿ ನೋಡಿ. ಒಂದೂವರೆ ಮಿ.ಮೀ. ದಪ್ಪದ, ಒಂದು ಮೀಟರ್ ಉದ್ದದ ಉಕ್ಕಿನ ತಂತಿಯ ತಡೆ ಸುಮಾರು 0.1 ಓಮ್. ಅದರಲ್ಲಿ 50 ಆಂಪಿಯರ್ ಹರಿದರೆ, 50 ಗುಣಿಸು 50 ಗುಣಿಸು 0.1, ಅಂದರೆ 250 ವ್ಯಾಟ್. ರೇಡಿಯೋ ರಿಪೇರಿಯವರ 25 ವ್ಯಾಟಿನ ಸೋಲ್ಡರಿಂಗ್ ಐರನ್ ಹತ್ತನ್ನು ಒಂದು ತಂತಿಯಲ್ಲಿ ಇಟ್ಟ ಹಾಗೆ. ಆ ತಂತಿಯ ತೂಕ 14 ಗ್ರಾಂ ಮಾತ್ರ. ಸೆಕೆಂಡಿಗೆ 30 ಡಿಗ್ರಿಗಿಂತ ಜಾಸ್ತಿ ಬಿಸಿ ಏರುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಎರಡು ಸೆಕೆಂಡಿನಲ್ಲಿ ಇಂಜಿನ್ ಎದ್ದರೆ ಏನೂ ಆಗಲ್ಲ. ನಾಲ್ಕು ದಿನ ಹಾಗೇ ನಡೆದಿದೆ. ಕಮಲಾಪುರದಲ್ಲಿ ಬಿಸಿ ಇಂಜಿನ್ ಬೇಗ ಏಳಲಿಲ್ಲ, ಕಾಕಾ ಬಿಡಲಿಲ್ಲ. ಆ ಕೇಬಲ್‌ನಲ್ಲೇ ಐದು ವೋಲ್ಟ್ ಹೋದರೆ ಸ್ಟಾರ್ಟರಿಗೆ ಉಳಿಯುವುದು ಏಳೇ ವೋಲ್ಟ್. ನಿದ್ದೆಗಣ್ಣಲ್ಲಿ ತಿರುಗಿದ್ದು ಅದಕ್ಕೇ. ಹತ್ತು ಸೆಕೆಂಡಿನಲ್ಲಿ ತಂತಿ 400 ಡಿಗ್ರಿ ಮುಟ್ಟಿದೆ. ಪಕ್ಕದಲ್ಲೇ ಪೆಟ್ರೋಲ್ ಪೈಪು. ಹಳೇ ಕಾರ್ಬೊರೇಟರ್ ಗಾಡಿಯಾಗಿದ್ದರೆ ಪೈಪಿನಲ್ಲಿ ಕಾಲು ಬಾರ್ ಒತ್ತಡ, ತೊಟ್ಟಿಕ್ಕುತ್ತಿತ್ತು. ಇದು ಇಂಜೆಕ್ಷನ್ ಗಾಡಿ, ಸುಮಾರು ಮೂರು ಬಾರ್. ತೂತು ಬಿದ್ದರೆ ಪಿಚಕಾರಿ.

ಕಾರಿನದ್ದೂ ತಪ್ಪಲ್ಲ, ಬಿಸಿಲಿನದ್ದೂ ಅಲ್ಲ. ಗೇಣುದ್ದದ ಒಂದು ತಾಮ್ರದ ಪಟ್ಟಿ.

ಕಾರಣ ಸಿಕ್ಕಿತು. ಈಗ ಬಿಚ್ಚಲು ಅಡ್ಡಿಯಿಲ್ಲ. ಇಂಜಿನ್ನಿನ ವಿಷಯದಲ್ಲಿ ಭಯಪಡಬೇಕಾದ್ದು ಅಲ್ಯೂಮಿನಿಯಂ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳದ ಬಗ್ಗೆ. ಅದು ಕರಗಬೇಕಾಗಿಲ್ಲ. ಹೆಡ್ಡಿನ ಮಿಶ್ರಲೋಹಕ್ಕೆ ಗಟ್ಟಿತನ ಬರುವುದು ಕಾರ್ಖಾನೆಯಲ್ಲಿ ಅಳೆದು ಕೊಟ್ಟ ಬಿಸಿಯಿಂದ. 250 ಡಿಗ್ರಿ ದಾಟಿ ಸ್ವಲ್ಪ ಹೊತ್ತು ನಿಂತರೆ ಆ ಗಟ್ಟಿತನ ಇಳಿಯುತ್ತದೆ. ಕಣ್ಣಿಗೆ ಏನೂ ಕಾಣಲ್ಲ, ಗ್ಯಾಸ್ಕೆಟ್ ಮಾತ್ರ ಪದೇ ಪದೇ ಹೋಗುತ್ತದೆ. ಲೇತ್ ಅಂಗಡಿಯಲ್ಲಿ ಹೆಡ್ ಫೇಸಿಂಗ್ ಮಾಡಿಸುವ ಮೊದಲು ಹಾರ್ಡ್‌ನೆಸ್ ಟೆಸ್ಟ್ ಮಾಡಿಸಿ. ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿ ಡೊಂಕು ನೋಡಿ. ಸಾಮಾನ್ಯವಾಗಿ 0.05 ಮಿ.ಮೀ. ಒಳಗಿದ್ದರೆ ನೆಮ್ಮದಿ. ನಮ್ಮದು ಸರಿಯಿತ್ತು, ಬೆಂಕಿ ಎರಡು ನಿಮಿಷ ಕೂಡ ಇರಲಿಲ್ಲ. ಪ್ಲಗ್ ಬಿಚ್ಚಿ, ಆಯಿಲ್ ಬದಲಿಸಿ, ಇನ್‌ಟೇಕ್ ಪೂರ್ತಿ ಕಳಚಿ ತೊಳೆದ ಮೇಲೆ ಕೈಯಿಂದಲೇ ಇಂಜಿನ್ ತಿರುಗಿಸಿ ನೋಡಿದೆವು.

ರಬ್ಬರ್ ಅನ್ನುವುದೆಲ್ಲ ಹೊಸದು. ಬೆಲ್ಟು, ಹೋಸು, ಮೌಂಟಿಂಗು, ಸ್ಟೀರಿಂಗ್ ಬೂಟು, ಬ್ರೇಕ್ ಹೋಸು. ಬ್ರೇಕ್ ಮಾಸ್ಟರ್ ಸಿಲಿಂಡರ್ ಫೈರ್‌ವಾಲ್ ಹತ್ತಿರವೇ ಇರುವುದರಿಂದ ಅದರ ಕಿಟ್ಟೂ ಹೊಸದು. ಇಲ್ಲಿ ಜಿಪುಣತನ ಬೇಡ. ರೆನೋದ ಹಳೇ ಸಾಮಾನು ಕಲಬುರಗಿಯಲ್ಲಿ ಸಿಗಲ್ಲ. ಸಿಕಂದರಾಬಾದಿನ ರಾಣಿಗಂಜ್, ಬೆಂಗಳೂರಿನ ಜೆ.ಸಿ. ರಸ್ತೆ ಎರಡೂ ಸುತ್ತಿದ್ದಾಯಿತು. ಅಳತೆ ಹೊಂದುವ ಬೇರೆ ಗಾಡಿಯ ಸಾಮಾನು ಹಾಕಿದ್ದೂ ಇದೆ.

ವೈರಿಂಗ್ ವಿಷಯಕ್ಕೆ ಬಂದರೆ ನನ್ನ ಕೈ ಸುಮ್ಮನಿರಲ್ಲ. ಸುಟ್ಟ ಭಾಗ ಕತ್ತರಿಸಿ, ಜೋಡಿಸಿ, ಟೇಪ್ ಸುತ್ತಿದರೆ ಸಾಕು ಅನ್ನುತ್ತಾರೆ. ಸಾಲದು. ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ. ತೇವ ತಾಗಿದರೆ ಅದು ಹೈಡ್ರೋಕ್ಲೋರಿಕ್ ಆಸಿಡ್. ವೈರಿನ ಎಳೆಗಳ ನಡುವೆ ಅದು ಒಳಗೊಳಗೇ ಹರಿದಿರುತ್ತದೆ. ಸುಟ್ಟ ಜಾಗದಿಂದ ಒಂದು ಅಡಿ ಆಚೆ ಕವಚ ಸುಲಿದು ನೋಡಿದೆ. ತಾಮ್ರ ಹೊಳೆಯುವ ಬದಲು ಕಪ್ಪು, ಅಲ್ಲಲ್ಲಿ ಹಸಿರು. ಬೆರಳಲ್ಲಿ ಬಗ್ಗಿಸಿದರೆ ಎಳೆಗಳು ಶಾವಿಗೆ ಹಾಗೆ ಮುರಿದವು. ಒಳ್ಳೆ ತಾಮ್ರ ಸಿಗುವ ತನಕ ಹಿಂದಕ್ಕೆ ಹೋಗಬೇಕು. ನಾವು ಇಡೀ ಮುಂದಿನ ಹಾರ್ನೆಸ್ (ವೈರುಗಳ ಕಟ್ಟು) ಹೊಸದಾಗಿ ಕಟ್ಟಿದೆವು, 125 ಡಿಗ್ರಿ ತಡೆಯುವ ಕ್ರಾಸ್‌ಲಿಂಕ್ ಕವಚದ ವೈರಿನಲ್ಲಿ.

ಕಟ್ಟುವಾಗ ಎರಡು ಮಾತು. ಫ್ಯೂಸ್ ಇರುವುದು ಬಲ್ಬು, ಮೋಟಾರು ಕಾಪಾಡಲು ಅಂತ ಬಹಳ ಜನ ತಿಳಿದಿದ್ದಾರೆ. ಅದು ಕಾಪಾಡುವುದು ವೈರನ್ನು. ಹತ್ತು ಆಂಪಿಯರ್ ತಡೆಯುವ ವೈರಿಗೆ 30ರ ಫ್ಯೂಸ್ ಹಾಕಿದರೆ ಮೊದಲು ಸುಡುವುದು ವೈರೇ. ಫ್ಯೂಸನ್ನು ಬ್ಯಾಟರಿಗೆ ಆದಷ್ಟು ಹತ್ತಿರ ಇಡಬೇಕು, ಯಾಕೆಂದರೆ ಬ್ಯಾಟರಿಯಿಂದ ಫ್ಯೂಸಿನ ತನಕದ ವೈರಿಗೆ ಕಾವಲು ಯಾರೂ ಇಲ್ಲ. ಎರಡನೆಯದು ಫೈಬರ್ ಕಾರಿನದ್ದೇ ರಗಳೆ. ಬಾಡಿ ಅರ್ಥ್ ಆಗಲ್ಲ. ಪ್ರತಿ ದೀಪಕ್ಕೂ ವಾಪಸ್ ವೈರು ಬೇಕು. 55 ವ್ಯಾಟಿನ ಹೆಡ್‌ಲೈಟಿಗೆ ಹೆಚ್ಚುಕಡಿಮೆ 4.6 ಆಂಪಿಯರ್. ನಾಲ್ಕು ಮೀಟರ್ ಹೋಗಿ ನಾಲ್ಕು ಮೀಟರ್ ಬರುವ ತೆಳ್ಳಗಿನ 0.75 ಚದರ ಮಿ.ಮೀ. ವೈರಿನಲ್ಲಿ ಹತ್ತಿರ ಹತ್ತಿರ ಒಂದು ವೋಲ್ಟ್ ದಾರಿಯಲ್ಲೇ ಖರ್ಚು. ದೀಪ ಹಳದಿಯಾಗಿ ಉರಿಯುವುದು ಅದಕ್ಕೆ. ಅದಕ್ಕೆ ಮದ್ದು ದಪ್ಪ ವೈರು, ಪಕ್ಕದಲ್ಲೇ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್ಚು. ಇಂಜಿನ್ನಿನಿಂದ ಚಾಸಿಗೆ ಈ ಸಲ ಒಂದಲ್ಲ, ಎರಡು ಪಟ್ಟಿ.

ಪೆಟ್ರೋಲ್ ಪೈಪು ತರುವಾಗ ಅಂಗಡಿಯವನು ಕೊಟ್ಟದ್ದನ್ನು ತರಬೇಡಿ. ಪೈಪಿನ ಮೈಮೇಲೆ ಏನು ಬರೆದಿದೆ ಓದಿ. ಎಸ್‌ಎಇ ಜೆ30 ಆರ್6 ಅಂತಿದ್ದರೆ ಅದು ಕಾರ್ಬೊರೇಟರ್ ಕಾಲದ ಕಡಿಮೆ ಒತ್ತಡದ್ದು. ಇಂಜೆಕ್ಷನ್ ಗಾಡಿಗೆ ಆರ್9 ಬೇಕು. ಅದರ ಒಳಪದರ ಫ್ಲೋರಿನ್ ರಬ್ಬರಿನದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಇಥನಾಲ್ ಇರುತ್ತದೆ. 25 ವರ್ಷದ ಹಿಂದಿನ ರಬ್ಬರಿಗೆ ಅದರ ಪರಿಚಯವೇ ಇಲ್ಲ. ಉಬ್ಬುತ್ತದೆ, ಬಿರಿಯುತ್ತದೆ. ಬೆಂಕಿ ಬೀಳದಿದ್ದರೂ ಹಳೇ ಗಾಡಿ ಇಟ್ಟುಕೊಂಡವರು ಈ ಪೈಪು ಬದಲಿಸುವುದು ಒಳ್ಳೆಯದು. ತೂತು ತೂತಿನ ಕ್ಲ್ಯಾಂಪ್ ರಬ್ಬರನ್ನು ಕೊಯ್ಯುತ್ತದೆ, ನುಣ್ಣಗಿನ ಅಂಚಿನದ್ದು ಹಾಕಿ. ಜೊತೆಗೆ ಪಂಪಿನ ವೈರಿಗೆ ಒಂದು ಇನರ್ಷಿಯಾ ಸ್ವಿಚ್ಚು. ಗುದ್ದಿದರೆ ಪಂಪ್ ತಾನಾಗಿ ನಿಲ್ಲುತ್ತದೆ. ಬ್ಯಾಟರಿಗೆ ಕೈಯಿಂದ ತಿರುಗಿಸುವ ಕಟ್-ಆಫ್. ಸೀಟಿನ ಕೆಳಗೆ ಬೆಂಕಿ ಆರಿಸುವ ಒಂದು ಕೇಜಿ ಸಿಲಿಂಡರ್, ಪ್ಲಾಸ್ಟಿಕ್ ಅಲ್ಲದ ಬ್ರಾಕೆಟ್ಟಿನಲ್ಲಿ.

ಫೈಬರ್ ಬಾಡಿ ರಿಪೇರಿಗೆ ಫೈಬರ್ ಬಾಗಿಲು, ಟ್ಯಾಂಕು ಮಾಡುವ ಒಬ್ಬರನ್ನು ಹಿಡಿದೆವು. ಗಾಡಿ ಕೆಲಸ ಅವರಿಗೆ ಹೊಸದು, ಫೈಬರ್ ಹಳೇದು. ಬಾನೆಟ್ಟಿನ ಒಳಮೈಯಲ್ಲಿ ರೆಸಿನ್ (ಗಾಜಿನ ನೂಲನ್ನು ಹಿಡಿದಿಡುವ ಅಂಟು) ಸುಟ್ಟು ಬಿಳಿ ಗಾಜಿನ ನೂಲು ಮಾತ್ರ ಉಳಿದ ಜಾಗ ಕಣ್ಣಿಗೆ ಕಾಣುತ್ತದೆ. ಕಾಣದ ಜಾಗಕ್ಕೆ ಅವರು ಐದು ರೂಪಾಯಿ ನಾಣ್ಯ ತೆಗೆದರು. ಬಾಡಿಗೆ ಕುಟ್ಟುತ್ತ ಹೋದರು. ಚೆನ್ನಾಗಿರುವ ಕಡೆ ಟಣ್ ಟಣ್. ಪದರ ಬಿಟ್ಟುಕೊಂಡ ಕಡೆ ಒಡಕು ಮಡಿಕೆ ಸದ್ದು. ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಕಣ್ಣಿಗೆ ಸುಟ್ಟಂತೆ ಕಾಣುತ್ತಿದ್ದುದಕ್ಕಿಂತ ಎರಡು ಪಟ್ಟು ಜಾಗ ಗೆರೆಯೊಳಗೆ ಬಂತು.

ಅಷ್ಟೂ ತೆಗೆದು, ಅಂಚನ್ನು ಅಗಲವಾಗಿ ಇಳಿಜಾರು ಮಾಡಿ ಉಜ್ಜಬೇಕು. ಒಂದು ಮಿ.ಮೀ. ದಪ್ಪಕ್ಕೆ ಹನ್ನೆರಡು ಮಿ.ಮೀ. ಇಳಿಜಾರು. ಆಗ ಗಾಜಿನ ನೂಲಿನ ಹೊಸ ಮ್ಯಾಟು ಹಳೇದರ ಜೊತೆ ಒಂದಾಗುತ್ತದೆ. ಇಲ್ಲದಿದ್ದರೆ ಬಿಸಿಲಿಗೆ ತೇಪೆ ಎದ್ದು ಬರುತ್ತದೆ. ರೆಸಿನ್‌ಗೆ ಹಾರ್ಡ್‌ನರ್ ಶೇ ಒಂದರಿಂದ ಎರಡು ಅಂತ ಲೆಕ್ಕ. ಕಲಬುರಗಿಯ ಬೇಸಿಗೆಯಲ್ಲಿ ಮಧ್ಯಾಹ್ನ ಆ ಲೆಕ್ಕ ಹಿಡಿದರೆ ಬ್ರಷ್ ಎತ್ತುವ ಮೊದಲೇ ಡಬ್ಬಿಯಲ್ಲೇ ಗಟ್ಟಿ. ಅವರು ಬೆಳಿಗ್ಗೆ ಐದೂವರೆಗೆ ಬರುತ್ತಿದ್ದರು. ಫರ್ಶಿ ಕಲ್ಲಿನ ನೆಲ ಇನ್ನೂ ತಣ್ಣಗಿರುವಾಗ ಮ್ಯಾಟ್ ಹಾಸಿ, ಎಂಟಕ್ಕೆಲ್ಲ ಕೆಲಸ ಮುಗಿಸಿ ಹೊರಟುಬಿಡುತ್ತಿದ್ದರು. ಬಾನೆಟ್ಟಿನ ಒಳಮೈಯ ಕೊನೆ ಪದರಕ್ಕೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಪುಡಿ ಬೆರೆಸಿಸಿದೆ. 200 ಡಿಗ್ರಿ ದಾಟಿದರೆ ಆ ಪುಡಿ ತನ್ನೊಳಗಿನ ನೀರನ್ನು ಆವಿಯಾಗಿ ಬಿಟ್ಟು ಉರಿಯನ್ನು ತಡಮಾಡುತ್ತದೆ. ಅದರ ಮೇಲೆ ಹೊಳೆಯುವ ಹೀಟ್ ಶೀಲ್ಡ್.

ಕಾಕಾನಿಗೆ ಇದ್ಯಾವುದೂ ರುಚಿಸಲಿಲ್ಲ. ಅವರ ಪ್ರಶ್ನೆ ಒಂದೇ: “ಅರವತ್ತು ಎಚ್‌ಪಿ ಎಂಬತ್ತು ಆಗ್ತಾವೇನು?” ಬೇರೆ ದೊಡ್ಡ ಇಂಜಿನ್ ಕೂರಿಸಿಬಿಡೋಣ ಅಂತ ಮಿಸ್ತ್ರಿಯೂ ತಾಳ ಹಾಕಿದ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಥರ ಗಾಡಿ ಬದಲಿಸುವ ಹಾಗಿಲ್ಲ. ಇಂಜಿನ್ ಬದಲಿಸಿದರೆ ಆರ್‌ಸಿಯಲ್ಲಿ ಹೊಸ ನಂಬರ್ ಏರಬೇಕು, ಅದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು. 15 ವರ್ಷ ದಾಟಿದ ಗಾಡಿ ಐದೈದು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಲೇಬೇಕಲ್ವಾ? ಕೆಎ-32ರ ಗಾಡಿಯನ್ನು ಅಲ್ಲಿ ನಿಲ್ಲಿಸಿದಾಗ ಚಾಸಿ ನಂಬರ್, ಇಂಜಿನ್ ನಂಬರ್ ನೋಡೇ ನೋಡುತ್ತಾರೆ. ಅದಲ್ಲದೆ, ನಮ್ಮ ಬಿಸಿಲಿಗೆ ಮೊದಲು ರೇಡಿಯೇಟರ್ ದೊಡ್ಡದಾಗಬೇಕು, ಬ್ರೇಕ್ ಸರಿಯಾಗಬೇಕು. ಕೊನೆಗೆ ಇಂಜಿನ್ ಅದೇ ಉಳಿಯಿತು. ರೇಡಿಯೇಟರಿಗೆ ಹೊಸ ಕೋರ್, ಫ್ಯಾನಿಗೆ ಪ್ರತ್ಯೇಕ ರಿಲೇ, ಒಳ್ಳೆ ಟೈರು, ಬ್ರೇಕ್ ಪ್ಯಾಡು. ಓಡಿಸಿದವರಿಗೆ ಇದರ ವ್ಯತ್ಯಾಸ ಎಚ್‌ಪಿಗಿಂತ ಜಾಸ್ತಿ ಗೊತ್ತಾಗುತ್ತದೆ.

ಮೊದಲ ಸಲ ಸ್ಟಾರ್ಟ್ ಮಾಡುವ ದಿನ ಬಾನೆಟ್ ತೆಗೆದೇ ಇಟ್ಟೆವು. ಸಿಲಿಂಡರ್ ಹಿಡಿದು ಒಬ್ಬ ಹುಡುಗ ಪಕ್ಕದಲ್ಲಿ ನಿಂತ. ಮೊದಲು ಕೀಲಿ ಮಾತ್ರ ಆನ್ ಮಾಡಿ ಪಂಪ್ ಒತ್ತಡ ತುಂಬಿಸಿದೆವು. ಪ್ರತಿ ಜೋಡಣೆಗೂ ಬಿಳಿ ಟಿಶ್ಯೂ ಒತ್ತಿ ಹಸಿ ಇದೆಯಾ ನೋಡಿದೆವು. ಆಮೇಲೆ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ನಿನ ಮೈಗೆ ಇಟ್ಟು ಕಾಕಾನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಈ ಅಳತೆ 0.2 ವೋಲ್ಟ್ ಒಳಗಿರಬೇಕು. ಅರ್ಧ ವೋಲ್ಟ್ ಬಂದರೂ ಅರ್ಥ್ ಎಲ್ಲೋ ಸಡಿಲ ಅಂತ ಅರ್ಥ. ಬೆಂಕಿಯ ಹಿಂದಿನ ದಿನ ಯಾರಾದರೂ ಹೀಗೆ ಅಳೆದಿದ್ದರೆ ಐದರ ಹತ್ತಿರ ತೋರಿಸುತ್ತಿತ್ತು.

ಮೀಟರ್ 0.09 ತೋರಿಸಿತು. ಇಂಜಿನ್ ಎರಡನೇ ಸುತ್ತಿಗೇ ಎದ್ದಿತು. ಕಾಕಾ ಸ್ಟೀರಿಂಗ್ ಹಿಡಿದುಕೊಂಡೇ ಬಾಗಿ, ಎಡಗೈಯಿಂದ ಆಕ್ಸಿಲರೇಟರ್ ಕೇಬಲ್ ಮುಟ್ಟಿ ನೋಡಿದರು. “ತಣ್ಣಗದ ನೋಡು” ಅಂದರು.